ಅನುಪಾಲನೆಯ ವಯೋಮಿತಿ ಮತ್ತು ಪದವಿಯ ಅವಧಿ: ಕವಲೇದುರ್ಗ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ಟಿಪ್ಪಣಿ

1. ವ್ಯಾಪ್ತಿ

ಬಾಲಮಂದಿರದಲ್ಲಿ ಅಥವಾ ಪೋಷಕ ಕುಟುಂಬದಲ್ಲಿ ಬೆಳೆದು 18 ವರ್ಷ ತುಂಬಿದವರಿಗೆ ಕಾಲೇಜು ಓದಲು ಸಿಗಬಹುದಾದ ನೆರವನ್ನು ಕಾಯ್ದೆ, ನಿಯಮ ಮತ್ತು ಯೋಜನೆಗಳ ಪಠ್ಯದ ಆಧಾರದಲ್ಲಿ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ. ಉದಾಹರಣೆಗೆ ಆರಿಸಿಕೊಂಡದ್ದು ಕೆಳದಿ ಅರಸರ ರಾಜಧಾನಿಗಳಿದ್ದ ಸೀಮೆ: ಕೆಳದಿ, ಇಕ್ಕೇರಿಗಳ ಸಾಗರ, ಬಿದನೂರಿನ ಹೊಸನಗರ, ಕವಲೇದುರ್ಗದ ತೀರ್ಥಹಳ್ಳಿ.

2. ಪಠ್ಯದಲ್ಲಿನ ವ್ಯತ್ಯಾಸಗಳು

ಈಗ ಜಾರಿಯಲ್ಲಿರುವುದು ಬಾಲ ನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಜಾರಿಯ ದಿನಾಂಕ 15 ಜನವರಿ 2016. ಇದರ 2(5)ನೇ ಪ್ರಕರಣದಂತೆ ಅನುಪಾಲನೆ ಎಂದರೆ 18 ತುಂಬಿ 21 ತುಂಬದ, ಸಾಂಸ್ಥಿಕ ಪಾಲನೆಯಿಂದ ಹೊರಬಂದ ವ್ಯಕ್ತಿಗೆ ಒದಗಿಸುವ ಹಣಕಾಸಿನ ಅಥವಾ ಇತರ ನೆರವು. 46ನೇ ಪ್ರಕರಣದ ಪ್ರಕಾರ ಅಂಥವರಿಗೆ ಹಣದ ನೆರವನ್ನು ‘ಒದಗಿಸಬಹುದು’. ಆದರೆ 2016ರ ಕೇಂದ್ರ ಮಾದರಿ ನಿಯಮಗಳ 25ನೇ ನಿಯಮ, ಶಿಕ್ಷಣ, ಕೌಶಲ, ಉದ್ಯೋಗ, ವಸತಿಗಳನ್ನೊಳಗೊಂಡ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ‘ರೂಪಿಸತಕ್ಕದ್ದು’ ಎನ್ನುತ್ತದೆ. ಕಾರ್ಯಕ್ರಮ ಕಡ್ಡಾಯ, ವ್ಯಕ್ತಿಗೆ ಸಿಗುವ ಹಣ ಐಚ್ಛಿಕ: ಎರಡನ್ನೂ ಒಟ್ಟಿಗೆ ಓದಿದಾಗ ಬರುವ ಅರ್ಥ ಬಹುಶಃ ಇದೇ.

ವಯಸ್ಸಿನ ಮಿತಿಯೂ ಒಂದೇ ಆಗಿ ಉಳಿದಿಲ್ಲ. 2000ದ ಕಾಯ್ದೆಯ 44ನೇ ಪ್ರಕರಣದಲ್ಲಿ 17 ದಾಟಿ 18 ತುಂಬದವರು ಅನುಪಾಲನಾ ಸಂಸ್ಥೆಯಲ್ಲಿ 20ರ ವರೆಗೆ ಉಳಿಯಬಹುದಿತ್ತು. 2015ರ ಕಾಯ್ದೆಯಲ್ಲಿ ಅದು 21 ಆಯಿತು. ಮಾದರಿ ನಿಯಮ ಅಸಾಧಾರಣ ಸಂದರ್ಭಗಳಲ್ಲಿ ಇನ್ನೆರಡು ವರ್ಷ, ಎಂದರೆ 23ರ ವರೆಗೆ, ವಿಸ್ತರಣೆಗೆ ಅವಕಾಶ ಕೊಟ್ಟಿದೆ. ಪದವಿ ಓದು ಮುಗಿಯದಿರುವುದು ‘ಅಸಾಧಾರಣ ಸಂದರ್ಭ’ವೇ ಎಂಬುದನ್ನು ನಿಯಮದ ಪಠ್ಯ ಹೇಳುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದ ವ್ಯತ್ಯಾಸ ಬೇರೊಂದಿದೆ. 2(5), 46 ಮತ್ತು ನಿಯಮ 25, ಮೂರೂ ‘ಸಂಸ್ಥೆಯಿಂದ ಹೊರಬಂದವರ’ ಬಗ್ಗೆ ಮಾತಾಡುತ್ತವೆ. 44ನೇ ಪ್ರಕರಣದ ಪೋಷಕತ್ವವಾದರೋ ಸಂಸ್ಥೆಯ ಹೊರಗಿನ, ಕುಟುಂಬದೊಳಗಿನ ಪಾಲನೆ. ಅಕ್ಷರಶಃ ಓದಿದರೆ, ಬಾಲಮಂದಿರದಿಂದ 18ಕ್ಕೆ ಹೊರಬಂದವರು ಅನುಪಾಲನೆಗೆ ಅರ್ಹರು. ಪೋಷಕ ಕುಟುಂಬದಲ್ಲೇ 18 ತುಂಬಿದವರು ಅಲ್ಲ. ಸಂಸ್ಥೆ ಕೊನೆಯ ಆಯ್ಕೆಯಾಗಿರಬೇಕು ಎಂಬ ತತ್ತ್ವವನ್ನು ಒಪ್ಪಿಕೊಂಡ ಕಾಯ್ದೆಯಲ್ಲೇ ಈ ಫಲಿತಾಂಶ ಕಾಣುತ್ತದೆ. ಇದು ಶಾಸಕಾಂಗದ ಉದ್ದೇಶ ಎನ್ನುವುದಕ್ಕಿಂತ ಕರಡಿನಲ್ಲಿ ಉಳಿದ ಅಂತರ ಎನ್ನುವುದು ಹೆಚ್ಚು ಸಂಭವನೀಯ. ಮಲೆನಾಡಿನ ಮನೆಗಳಲ್ಲಿ ಅಜ್ಜಿಯೋ ಸೋದರಮಾವನೋ ಯಾವ ಆದೇಶವೂ ಇಲ್ಲದೆ ಸಾಕಿದ ಮಕ್ಕಳು ಇನ್ನೂ ಹೊರಗೆ ಉಳಿಯುತ್ತಾರೆ. ಅವರಿಗೆ 45ನೇ ಪ್ರಕರಣದ ಪ್ರಾಯೋಜಕತ್ವ ಸಿಕ್ಕಿದ್ದರೂ ಅದು 18ಕ್ಕೆ ಮುಗಿಯುತ್ತದೆ.

3. ಒಂದು ಊಹಾತ್ಮಕ ಲೆಕ್ಕ

ಇಲ್ಲಿ ಬರುವ ವ್ಯಕ್ತಿ ಕಲ್ಪಿತ. ಜನ್ಮದಿನಾಂಕ 10 ಜನವರಿ 2006 ಎಂದಿಟ್ಟುಕೊಳ್ಳೋಣ. 6 ತುಂಬಿದ ಮೇಲೆ, ಜೂನ್ 2012ರಲ್ಲಿ ಒಂದನೇ ತರಗತಿ; ಎಲ್ಲೂ ತಡೆಯಿಲ್ಲದಿದ್ದರೆ 2022ರಲ್ಲಿ ಎಸ್ಸೆಸ್ಸೆಲ್ಸಿ, 2024ರಲ್ಲಿ ದ್ವಿತೀಯ ಪಿಯುಸಿ. 18 ತುಂಬುವುದು 10 ಜನವರಿ 2024ರಂದು. ಆ ವರ್ಷದ ದ್ವಿತೀಯ ಪಿಯುಸಿ ಪರೀಕ್ಷೆ-1 ಶುರುವಾದದ್ದು ಮಾರ್ಚ್ 1ಕ್ಕೆ, ಫಲಿತಾಂಶ ಬಂದದ್ದು ಏಪ್ರಿಲ್ 10ಕ್ಕೆ. ಎಂದರೆ ಸಂಸ್ಥೆಯಲ್ಲಿರುವ ಹಕ್ಕು ಪರೀಕ್ಷೆಗೆ ಏಳು ವಾರ ಮೊದಲೇ ಮುಗಿಯುತ್ತದೆ.

ನಿಯಮ 25ರಂತೆ ಬಿಡುಗಡೆಯ ನಂತರದ ಯೋಜನೆಯನ್ನು ಎರಡು ತಿಂಗಳು ಮೊದಲು ಸಲ್ಲಿಸಬೇಕು. ಈ ಪ್ರಕರಣದಲ್ಲಿ ಅದು 10 ನವೆಂಬರ್ 2023. ಯಾವ ಕಾಲೇಜು, ಯಾವ ವಿಷಯ, ಎಷ್ಟು ಶುಲ್ಕ ಎಂಬುದು ತಿಳಿಯುವ ಐದು ತಿಂಗಳ ಮೊದಲೇ ಯೋಜನೆ ಬರೆಯಬೇಕಾಗುತ್ತದೆ.

2024-25ರಿಂದ ಕರ್ನಾಟಕದಲ್ಲಿ ಸಾಮಾನ್ಯ ಪದವಿ ಮತ್ತೆ ಮೂರು ವರ್ಷದ್ದು. ಇದೇ ವ್ಯಕ್ತಿ ಆ ಸಾಲಿನಲ್ಲಿ ಬಿ.ಎ.ಗೆ ಸೇರಿದರೆ ಮುಗಿಯುವುದು 2027ರ ಮಧ್ಯಕ್ಕೆ. 21 ತುಂಬುವುದು 10 ಜನವರಿ 2027ಕ್ಕೆ. ವಿಸ್ತರಣೆಯ ಆದೇಶವಿಲ್ಲದಿದ್ದರೆ ಕೊನೆಯ ಸೆಮಿಸ್ಟರ್‌ಗೆ ನೆರವಿಲ್ಲ. ಪಾಲನೆಗೆ ಬರುವ ಮೊದಲು ಶಾಲೆ ತಪ್ಪಿಸಿಕೊಂಡಿರುವ ಮಕ್ಕಳು ಅಪರೂಪವಲ್ಲ. ಎರಡು ವರ್ಷ ತಡವಾದರೆ ಪದವಿ 2029ಕ್ಕೆ ಹೋಗುತ್ತದೆ, 23 ತುಂಬುವುದು ಜನವರಿ 2029ಕ್ಕೆ. ಗರಿಷ್ಠ ವಿಸ್ತರಣೆಯೂ ಅದೇ ಸೆಮಿಸ್ಟರ್‌ನಲ್ಲಿ ತೀರುತ್ತದೆ. ಜನವರಿಯ ಬದಲು ಜುಲೈ ಜನ್ಮದಿನವಾದರೆ ಲೆಕ್ಕ ಬೇರೆಯಾಗುತ್ತದೆ ಎಂಬುದನ್ನು ಒಪ್ಪಬೇಕು. ಆದರೆ ಓದು ಪೂರ್ತಿಯಾಗುವುದು ಹುಟ್ಟಿದ ತಿಂಗಳನ್ನು ಅವಲಂಬಿಸಿರುವುದೇ ಇಲ್ಲಿನ ದೋಷ. ಮಿತಿಯನ್ನು ಜನ್ಮದಿನಕ್ಕಲ್ಲದೆ ಶೈಕ್ಷಣಿಕ ವರ್ಷದ ಕೊನೆಗೆ ಕಟ್ಟಿದರೆ ಇದರ ಬಹುಪಾಲು ಸರಿಹೋದೀತು.

4. ಮೊತ್ತ ಮತ್ತು ಅರ್ಹತೆ

ಸಮಗ್ರ ಮಕ್ಕಳ ರಕ್ಷಣಾ ಯೋಜನೆಯಲ್ಲಿ ತಿಂಗಳಿಗೆ 2,000 ರೂ. ಇದ್ದ ಅನುಪಾಲನೆಯ ನೆರವು, 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಲ್ಲಿ 4,000 ರೂ. ಆಯಿತು, ವರ್ಷಕ್ಕೆ 48,000. ಎ.ಐ.ಸಿ.ಟಿ.ಇ.ಯ ಸ್ವನಾಥ್ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂ., ಅನಾಥರಿಗೂ ಲಭ್ಯ. ಅದು ಆ ಮಂಡಳಿಯ ಮಾನ್ಯತೆಯಿರುವ ಪದವಿ ಮತ್ತು ಡಿಪ್ಲೊಮಾಗಳಿಗೆ ಮಾತ್ರ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಬಿ.ಎ. ಓದುವವರಿಗೆ ಅನ್ವಯಿಸದು.

ಹಿಂದುಳಿದ ವರ್ಗಗಳ ವಿದ್ಯಾಸಿರಿಯಲ್ಲಿ ಹಾಸ್ಟೆಲ್ ಸಿಗದವರಿಗೆ ಹತ್ತು ತಿಂಗಳು ಊಟ-ವಸತಿಯ ನೆರವಿದೆ. ಇದಕ್ಕೆ ನಾಡಕಚೇರಿಯ ಜಾತಿ-ಆದಾಯ ಪ್ರಮಾಣಪತ್ರ ಬೇಕು. ತಂದೆತಾಯಿ ಯಾರೆಂದು ದಾಖಲೆಯಿಲ್ಲದವರಿಗೆ ಜಾತಿಯೂ ದಾಖಲೆಯಲ್ಲಿಲ್ಲ, ಆದಾಯ ಯಾರದೆಂಬ ಪ್ರಶ್ನೆಗೂ ಉತ್ತರವಿಲ್ಲ. ಅತಿ ಹೆಚ್ಚು ಅಗತ್ಯವಿರುವವರು ಅರ್ಜಿಯ ಮೊದಲ ಹಂತದಲ್ಲೇ ನಿಲ್ಲುತ್ತಾರೆ. ಅಮೆರಿಕದಲ್ಲಿ ಈ ತೊಡಕನ್ನು ಅರ್ಜಿಯ ಮಟ್ಟದಲ್ಲೇ ಬಿಡಿಸಲಾಗಿದೆ: 13 ತುಂಬಿದ ಮೇಲೆ ಒಮ್ಮೆಯಾದರೂ ಪೋಷಕತ್ವದಲ್ಲಿದ್ದವರನ್ನು ಒಕ್ಕೂಟ ಸರ್ಕಾರದ ವಿದ್ಯಾರ್ಥಿ ನೆರವಿಗೆ ‘ಸ್ವತಂತ್ರರು’ ಎಂದು ಪರಿಗಣಿಸಿ, ಹೆತ್ತವರ ಆದಾಯವನ್ನು ಕೇಳುವುದಿಲ್ಲ. ಹತ್ತಿರದ ಇನ್ನೊಂದು ಮಾದರಿ ಮಹಾರಾಷ್ಟ್ರದ್ದು. 2018ರಲ್ಲಿ ಅಲ್ಲಿ ಅನಾಥರಿಗೆ ಶಿಕ್ಷಣ ಮತ್ತು ಉದ್ಯೋಗದಲ್ಲಿ ಶೇ. 1 ಮೀಸಲಾತಿ ಬಂತು.

ಕೋವಿಡ್‌ನಿಂದ ಅನಾಥರಾದವರ ಸ್ಥಿತಿ ಭಿನ್ನ. 29 ಮೇ 2021ರಂದು ಘೋಷಿಸಿದ ಪಿ.ಎಂ. ಕೇರ್ಸ್ ಮಕ್ಕಳ ಯೋಜನೆಯಲ್ಲಿ 18ರ ಹೊತ್ತಿಗೆ 10 ಲಕ್ಷ ರೂ. ನಿಧಿ, 18ರಿಂದ 23ರ ವರೆಗೆ ಮಾಸಿಕ ವೇತನ, 23ಕ್ಕೆ ಇಡೀ ಮೊತ್ತ. ಈ ಯೋಜನೆ 23ನ್ನು ಅಸಾಧಾರಣ ಎಂದು ಕಂಡಿಲ್ಲ. ಅದಕ್ಕೆ ಲೆಕ್ಕವಾಗುವುದು 11 ಮಾರ್ಚ್ 2020ರಿಂದ ಶುರುವಾಗುವ ನಿಗದಿತ ಅವಧಿಯ ಸಾವುಗಳು. 2019ರಲ್ಲಿ ಮಂಗನಕಾಯಿಲೆಯಿಂದ ಹೆತ್ತವರನ್ನು ಕಳೆದುಕೊಂಡ ಸಾಗರದ ಮಗುವೊಂದು ಇದ್ದರೆ, ಅದು ಈ ಅವಧಿಯ ಆಚೆಗೆ ಉಳಿಯುತ್ತದೆ.

5. ದೂರ

ಅನುಪಾಲನೆಗೆ ಆದೇಶ ಕೊಡುವ ಮಕ್ಕಳ ಕಲ್ಯಾಣ ಸಮಿತಿ ಜಿಲ್ಲಾ ಮಟ್ಟದ್ದು. ನಮೂನೆ 37ರ ಅನುಪಾಲನಾ ಆದೇಶವಾಗಲಿ ವಿಸ್ತರಣೆಯಾಗಲಿ ಶಿವಮೊಗ್ಗದಿಂದಲೇ ಬರಬೇಕು. ತೀರ್ಥಹಳ್ಳಿಯಿಂದಲೇ ಅದು ಸುಮಾರು 60 ಕಿ.ಮೀ., ಕವಲೇದುರ್ಗದ ಬುಡದ ಹಳ್ಳಿಗಳಿಂದ ಇನ್ನೂ ಹೆಚ್ಚು. 11 ಜೂನ್ 2023ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗಿರುವ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗಷ್ಟೇ. ಈ ಮೂರು ತಾಲ್ಲೂಕುಗಳ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಆದ್ದರಿಂದ 4,000 ರೂ.ನಲ್ಲಿ ಪ್ರಯಾಣದ ಪಾಲನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕು. ನಿಯಮ 25ರಲ್ಲಿ ಆರರಿಂದ ಎಂಟು ಜನರ ತಾತ್ಕಾಲಿಕ ಗುಂಪು ವಸತಿಗೆ ಅವಕಾಶವಿದೆ. ಅದು ಜಿಲ್ಲಾ ಕೇಂದ್ರದಲ್ಲೇ ಇರಬೇಕೆಂಬ ಷರತ್ತು ಅಲ್ಲಿಲ್ಲ. ತೀರ್ಥಹಳ್ಳಿ ಅಥವಾ ಸಾಗರದಲ್ಲಿ, ಕಾಲೇಜಿಗೆ ನಡೆದುಹೋಗುವ ದೂರದಲ್ಲಿ ಅಂಥ ಒಂದು ಮನೆ ತೆರೆಯಲು ನಿಯಮದ ತಿದ್ದುಪಡಿ ಬೇಕಿಲ್ಲ.