ದ್ರಾಕ್ಷಿ ಚಪ್ಪರದ ಹಗೆಗಳು

ಕೆರೆಯ ದಂಡೆಯ ಹಳ್ಳಿಯಾಗಿದ್ದ ಕಗ್ಗದಾಸಪುರ ಬೆಂಗಳೂರಿನ ಒಂದು ಬಡಾವಣೆಯಾಗಿ ಹೋಗಿದೆ. ಹೊಲಗಳು ನಿವೇಶನಗಳಾದರೂ ಬೇಸಾಯದ ಚಪಲ ಮನುಷ್ಯನನ್ನು ಬಿಡುವುದಿಲ್ಲ. ಕಾಂಪೌಂಡಿನ ಮೂಲೆಯಲ್ಲೊಂದು ಪರಂಗಿ, ಬಾವಿಕಟ್ಟೆಯಿದ್ದ ಕಡೆ ಒಂದು ಸೀಬೆ, ತಾರಸಿಗೆ ಹಬ್ಬಿಸಿದ ಒಂದು ದ್ರಾಕ್ಷಿಬಳ್ಳಿ. ಇಷ್ಟಿದ್ದರೆ ಮನೆಯವರಿಗೆ ತೋಟದ ಯಜಮಾನರಷ್ಟೇ ಹೆಮ್ಮೆ. ಆದರೆ ಬಳ್ಳಿಗೆ ಬಿಳುಪು ಹತ್ತಿತೆಂದರೆ ಈ ಹೆಮ್ಮೆ ಗಾಬರಿಗೆ ತಿರುಗುತ್ತದೆ. “ಯಾವ ಔಷಧಿ ಹೊಡೆಯಬೇಕು, ಸ್ವಾಮಿ?” ಎಂಬ ಪ್ರಶ್ನೆ ಮೊದಲು ಬರುವುದು, “ಇದು ಯಾವ ಬಿಳುಪು?” ಎಂಬುದು ಕಡೆಗೆ ಬಂದರೆ ಬಂದೀತು. ಈ ಎರಡನೆಯ ಪ್ರಶ್ನೆಯನ್ನು ಮೊದಲು ಕೇಳಿದವರಿಂದಲೇ ಹಣ್ಣಿನ ಗಿಡಗಳು ಉಳಿದು ಬಂದಿವೆ.

ನಮ್ಮ ಚಪ್ಪರಗಳಿಗೆ ಒಗ್ಗಿದ ತಳಿ ‘ಬೆಂಗಳೂರು ನೀಲಿ’. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಬೆರೆತ ಈ ಕಪ್ಪು ಹಣ್ಣಿಗೆ ೨೦೧೩ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಸಿಪ್ಪೆ ದಪ್ಪ, ಬೀಜ ಉಂಟು. ಚಿಬ್ಬು ರೋಗಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೀಗೆ ಗಟ್ಟಿಗನಾದ ಬೆಂಗಳೂರು ನೀಲಿಯೂ ಸೋಲುವ ಹಗೆಯೊಂದಿದೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅದರಡಿಯಲ್ಲಿ ಬಿಳಿಯ ಬೂಜು: ಇದು ಬೂಜು ತುಪ್ಪಟ ರೋಗ.

ಈ ರೋಗವೂ ಅಮೆರಿಕದ್ದೇ. ೧೮೭೮ರಲ್ಲಿ ಅದು ಫ್ರಾನ್ಸಿನಲ್ಲಿ ಕಾಣಿಸಿಕೊಂಡು ದ್ರಾಕ್ಷಿ ತೋಟಗಳನ್ನು ಬೋಳು ಮಾಡತೊಡಗಿತು. ೧೮೮೨ರಲ್ಲಿ ಬೋರ್ಡೋ ನಗರದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಮೆಡಾಕ್ ಪ್ರಾಂತದ ದಾರಿಯಲ್ಲಿ ಹೋಗುತ್ತಿದ್ದಾಗ ಒಂದು ಸೋಜಿಗವನ್ನು ಕಂಡನು. ತೋಟದ ಒಳಗಿನ ಬಳ್ಳಿಗಳು ಎಲೆಯುದುರಿಸಿ ನಿಂತಿದ್ದರೆ ರಸ್ತೆಯಂಚಿನ ಬಳ್ಳಿಗಳು ಮಾತ್ರ ಹಸಿರಾಗಿದ್ದುವು. ವಿಚಾರಿಸಲಾಗಿ, ದಾರಿಹೋಕರು ಹಣ್ಣು ಕೀಳದಿರಲೆಂದು ಅವಕ್ಕೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚಿದ್ದರೆಂದು ತಿಳಿಯಿತು. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯವು ರೋಗವನ್ನೇ ಹೆದರಿಸಿತ್ತು! ೧೮೮೫ರಲ್ಲಿ ಮಿಲಾರ್ಡೆ ಅದನ್ನು ಲೋಕಕ್ಕೆ ತಿಳಿಸಿದನು. ಅದೇ ಬೋರ್ಡೋ ದ್ರಾವಣ.

ಅದು ನಮ್ಮ ನಾಡಿನಲ್ಲಿ ಹೆಸರು ಮಾಡಿದ್ದು ದ್ರಾಕ್ಷಿಯಿಂದಲ್ಲ, ಅಡಿಕೆಯಿಂದ. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿದರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದ ಕಾಲವದು. ರೋಗದ ಮೂಲ ಬೂಜು ತುಪ್ಪಟದ ಬಳಗದ ಸೂಕ್ಷ್ಮಜೀವಿಯೆಂದು ಗುರುತಾದ ಮೇಲೆ, ಬೋರ್ಡೋ ದ್ರಾವಣವು ಮಳೆಗೆ ತೊಳೆದು ಹೋಗದಂತೆ ರಾಳವನ್ನು ಬೆರೆಸಿ ಸಿಂಪಡಿಸುವುದನ್ನು ಅವರು ಬಳಕೆಗೆ ತಂದರು.

ಮನೆಯ ಬಳ್ಳಿಗಾದರೆ ಒಂದು ಲೀಟರ್ ನೀರಿಗೆ ೧೦ ಗ್ರಾಂ ಮೈಲುತುತ್ತ, ೧೦ ಗ್ರಾಂ ಸುಟ್ಟ ಸುಣ್ಣ ಸಾಕು. ಎರಡನ್ನೂ ಪ್ಲಾಸ್ಟಿಕ್ ಇಲ್ಲವೆ ಮಣ್ಣಿನ ಪಾತ್ರೆಗಳಲ್ಲಿ ಬೇರೆ ಬೇರೆಯಾಗಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಉಜ್ಜಿದ ಚಾಕುವನ್ನು ಅದ್ದಿದಾಗ ಅದರ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದೆಂದು ಅರ್ಥ. ಮಾಡಿದ ದಿನವೇ ಬಳಸಬೇಕು.

ಬಿಳುಪುಗಳೆಲ್ಲ ಒಂದೇ ಅಲ್ಲ. ಎಲೆಯ ಮೇಲೂ ಕಾಯಿಯ ಮೇಲೂ ಬೂದಿ ಚೆಲ್ಲಿದಂತೆ ಕಾಣುವುದು ಬೂದಿ ರೋಗ. ಅದಕ್ಕೆ ಮದ್ದು ಗಂಧಕ. ೧೮೪೫ರಲ್ಲಿ ಅದನ್ನು ಇಂಗ್ಲೆಂಡಿನಲ್ಲಿ ಮೊದಲು ಕಂಡವನು ಟಕರ್ ಎಂಬ ಮಾಲಿ. ಇನ್ನು ಗೊಂಚಲ ಸಂದಿನಲ್ಲಿ ಹತ್ತಿಯಂತೆ ಅಂಟಿಕೊಂಡದ್ದು ಹಿಟ್ಟು ತಿಗಣೆ. ಅದರ ಸಿಹಿ ಸ್ರಾವಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆ.

ಈ ತಿಗಣೆಯನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳು ಆಸ್ಟ್ರೇಲಿಯದ್ದು. ೧೮೯೮ರಲ್ಲಿ ಕಾಫಿಯ ಶಲ್ಕ ಕೀಟಕ್ಕೆಂದು ಭಾರತಕ್ಕೆ ತಂದ ಅದನ್ನು, ೧೯೮೦ರ ದಶಕದಲ್ಲಿ ಬೆಂಗಳೂರಿನ ಸುತ್ತಣ ದ್ರಾಕ್ಷಿ ತೋಟಗಳಲ್ಲಿ ಬಿಟ್ಟು ಪರೀಕ್ಷಿಸಿದರು. ೨೦೦೮ರಲ್ಲಿ ಪರಂಗಿ ಗಿಡಕ್ಕೆ ಹೊಸ ಹಿಟ್ಟು ತಿಗಣೆ ಬಂದು ದಕ್ಷಿಣದ ತೋಟಗಳು ನಲುಗಿದಾಗಲೂ ವಿಷ ಕೈಕೊಟ್ಟಿತು. ೨೦೧೦ರಲ್ಲಿ ಪೋರ್ಟೋರಿಕೋದಿಂದ ಬೆಂಗಳೂರಿಗೆ ತರಿಸಿ ಬೆಳೆಸಿದ ಪುಟ್ಟ ಕಣಜಗಳು ಅದನ್ನು ಹತೋಟಿಗೆ ತಂದುವು.

ಇಲ್ಲಿಯೇ ನಮ್ಮ ಅವಸರಕ್ಕೆ ಪೆಟ್ಟು ಬೀಳುವುದು. ಕ್ರಿಪ್ಟೋಲೀಮಸ್ಸಿನ ಮರಿಹುಳುವಿನ ಮೈ ತುಂಬ ಬಿಳಿಯ ಮೇಣದ ಎಳೆಗಳು. ನೋಡಿದರೆ ತಿಗಣೆಯ ಅಣ್ಣನೇ! ಗುರುತಿಲ್ಲದವರು ಮೊದಲು ಹೊಸಕಿ ಹಾಕುವುದು ಈ ಗೆಳೆಯನನ್ನೇ. ಮೇಲೆ ವಿಷವನ್ನೂ ಹೊಡೆದರೆ ಹಗೆ ಮೇಣದ ಹೊದಿಕೆಯಡಿ ಉಳಿಯಬಹುದು, ಕಾವಲುಗಾರ ಸಾಯುತ್ತಾನೆ, ಉಳಿದ ವಿಷ ಮಕ್ಕಳ ಬಾಯಿಗೆ ಹೋಗುತ್ತದೆ.

ಆದಕಾರಣ ಬುಡದ ಕಳೆ ಕಿತ್ತು, ಬಿದ್ದ ಎಲೆ ಗುಡಿಸಿ, ಗಾಳಿಯಾಡುವಂತೆ ಬಳ್ಳಿ ಸವರಿ, ಇರುವೆಯ ದಾರಿ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಔಷಧಿಯಂಗಡಿಗೆ ಹೊರಡುವ ಮೊದಲು ಎಲೆಯನ್ನೊಮ್ಮೆ ಮಗುಚಿ ನೋಡೋಣ.