ಬುತ್ತಿ, ಬಾಗಿನ ಮತ್ತು ಮುಯ್ಯಿ

ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಠೇವಣಿ, ವಸೂಲಾತಿಯ ವಿಚಾರ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತದೆ. ಆದ್ದರಿಂದ ನಾವು ಬೇರೆ ವಿಷಯ ಆರಿಸಿಕೊಂಡಿದ್ದೇವೆ. ಹಬ್ಬಕ್ಕೆ ನೆಂಟರ ಮನೆಗೆ ಹೋಗುವಾಗ ಏನು ಕಟ್ಟಿಕೊಂಡು ಹೋಗಬೇಕು ಎಂಬುದೇ ಆ ವಿಷಯ. ಇದೇನು ಮಹಾ ಅನ್ನಬೇಡಿ. ನಮ್ಮದು ನಡುನಾಡಿನ ಊರು. ಗದಗ, ಧಾರವಾಡದ ಕಡೆಯಿಂದ ಸೊಸೆ ತರುತ್ತೇವೆ, ತುಮಕೂರು, ಹಾಸನದ ಕಡೆಗೆ ಹೆಣ್ಣು ಕೊಡುತ್ತೇವೆ. ಒಂದು ಕಡೆಯವರು "ಬುತ್ತಿ ಇಲ್ದೆ ಬರಿಗೈಲಿ ಬಂದ್ರು" ಅಂತಾರೆ. ಇನ್ನೊಂದು ಕಡೆಯವರು "ಅಡಿಗೆ ಹೊತ್ಕೊಂಡು ಬಂದ್ರಲ್ಲ, ನಮ್ಮನೇಲಿ ಅನ್ನಕ್ಕೆ ಬರ ಇತ್ತಾ?" ಅಂತಾರೆ. ಇಷ್ಟಕ್ಕೇ ಬೀಗರು ಬೀಗರು ಮಾತು ಬಿಟ್ಟಿದ್ದುಂಟು.

ಉತ್ತರ ಕರ್ನಾಟಕದಲ್ಲಿ ಬುತ್ತಿ ಎಂದರೆ ಗೌರವ. ಶ್ರಾವಣದಲ್ಲಿ ನಾಗರ ಪಂಚಮಿಗೆ ಮುಂಚೆ ರೊಟ್ಟಿ ಹಬ್ಬ ಬರುತ್ತದೆ. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಕಾಳು ಪಲ್ಯ, ಚಟ್ನಿಪುಡಿ ಮಾಡಿ ಮನೆಮನೆಗೆ ಹಂಚುತ್ತಾರೆ, ಅವರ ಮನೆಯದು ಇವರಿಗೆ, ಇವರ ಮನೆಯದು ಅವರಿಗೆ. ಪಂಚಮಿಗೆ ಅಣ್ಣ ತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಾರೆ. ಆಕೆ ತಿರುಗಿ ಹೋಗುವಾಗ ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟು ಕಟ್ಟಿಕೊಡುತ್ತಾರೆ. ಎಳ್ಳ ಅಮಾವಾಸ್ಯೆಗಂತೂ ಬಂಡಿ ಕಟ್ಟಿ ನೆಂಟರನ್ನೆಲ್ಲ ಹೊಲಕ್ಕೇ ಕರೆದೊಯ್ದು, ಚರಗ ಚೆಲ್ಲಿ ಅಲ್ಲೇ ಊಟ. ಮಲೆನಾಡಿನಲ್ಲೂ ಭೂಮಿ ಹುಣ್ಣಿಮೆಗೆ ಚಿತ್ತಾರ ಬರೆದ ಬುಟ್ಟಿಯಲ್ಲಿ ಅಡಿಗೆ ಹೊತ್ತು ಗದ್ದೆಗೆ ಹೋಗುತ್ತಾರೆ.

ಹಳೇ ಮೈಸೂರಿನ ಕಡೆ ಕ್ರಮವೇ ಬೇರೆ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಅರಿಶಿನ ಕುಂಕುಮ, ಬಳೆ, ಅಂದರೆ ಬೇಯಿಸದ ಪದಾರ್ಥ. ಸಂಕ್ರಾಂತಿಗೆ ಎಳ್ಳು, ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು, ಕಬ್ಬು ಬೀರುತ್ತಾರೆ. ಕರಿದ ಚಕ್ಕುಲಿ, ಕಜ್ಜಾಯ ಒಯ್ಯುವುದುಂಟು. ಆದರೆ ಊಟದ ಅಡಿಗೆ ಒಯ್ಯುವುದಿಲ್ಲ. ಊಟ ಬಡಿಸುವುದು ಮನೆಯವರ ಹಕ್ಕು.

ಈ ವ್ಯತ್ಯಾಸಕ್ಕೆ ಕಾರಣ ಬೆಳೆಯಲ್ಲೇ ಇದೆ ಎಂದು ನಮ್ಮ ತಿಳುವಳಿಕೆ. ಖಡಕ್ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಎರೆ ಸೀಮೆಯಲ್ಲಿ ಹೊಲ ದೂರ, ನೆಂಟರ ಊರು ಇನ್ನೂ ದೂರ. ಬಂಡಿಯ ಪ್ರಯಾಣಕ್ಕೆ ಬುತ್ತಿ ಬೇಕೇಬೇಕು. ರಾಗಿ ಮುದ್ದೆ ಹಾಗಲ್ಲ, ಬಿಸಿ ಆರಿದರೆ ರುಚಿ ಹೋಯಿತು, ಅದನ್ನು ಕಟ್ಟಿಕೊಂಡು ಯಾರ ಮನೆಗೆ ಹೋಗುವುದು? ಇದರಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ.

ಬೇರೆಯವರಲ್ಲೂ ಅವರವರ ಪದ್ಧತಿ ಉಂಟು. ಬಕ್ರೀದಿನಲ್ಲಿ ಮುಸಲ್ಮಾನ ಬಾಂಧವರು ಕುರ್ಬಾನಿಯ ಮಾಂಸವನ್ನು ಮೂರು ಪಾಲು ಮಾಡಿ ಮನೆಗೆ, ನೆಂಟರಿಷ್ಟರಿಗೆ, ಬಡವರಿಗೆ ಎಂದು ಹಂಚುತ್ತಾರೆ. ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್‌ಗೆ ಕುಸ್ವಾರ್ ಎಂಬ ತಿಂಡಿಗಳನ್ನು ಮಾಡಿ ನೆರೆಹೊರೆಗೆ ಕಳಿಸುತ್ತಾರೆ. ಅಮೆರಿಕದಲ್ಲಿ ನವೆಂಬರಿನ ನಾಲ್ಕನೇ ಗುರುವಾರ (1941ರಲ್ಲಿ ಕಾನೂನು ಮಾಡಿ ಗೊತ್ತುಪಡಿಸಿದ ದಿನ) ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬಂಧುಗಳು ಒಬ್ಬೊಬ್ಬರು ಒಂದೊಂದು ಅಡಿಗೆ ತರುವುದು ರೂಢಿ. ಅಲ್ಲಿರುವ ನಮ್ಮ ಕನ್ನಡಿಗರೂ ಯುಗಾದಿಗೆ ಹೀಗೇ ಕೂಡಿ ಉಣ್ಣುವುದುಂಟು. ಕೆಲಸಕ್ಕೆ ಆಳುಕಾಳು ಇಲ್ಲದ ನಾಡಿನಲ್ಲಿ ಒಬ್ಬಳೇ ಹೆಂಗಸು ಇಪ್ಪತ್ತು ಜನಕ್ಕೆ ಎಲ್ಲಿಂದ ಬೇಯಿಸಿಯಾಳು?

ಈ ಇತಿಹಾಸದಲ್ಲಿ ಮುಚ್ಚಿಡಬಾರದ ಮಾತೊಂದಿದೆ. ಬೇಯಿಸದ ಪಡಿ ಎಲ್ಲ ಮನೆ ದಾಟುತ್ತಿತ್ತು, ಬೇಯಿಸಿದ ಅನ್ನ ಮಾತ್ರ ಜಾತಿ ನೋಡಿ ದಾಟುತ್ತಿತ್ತು. ಮೇಲಿನವರು ಕೊಟ್ಟ ಹೋಳಿಗೆ ಕೇರಿಗೆ ಹೋಗುತ್ತಿತ್ತು, ಕೇರಿಯಲ್ಲಿ ಸುಟ್ಟ ರೊಟ್ಟಿ ಊರೊಳಕ್ಕೆ ಬರುತ್ತಿರಲಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಶಿಕ್ಷೆಯ ಕಾಯಿದೆಯೂ ಬಂತು. ಆದರೂ ಬುತ್ತಿಯ ಗಂಟು ಬಿಚ್ಚುವಾಗ ಇವತ್ತಿಗೂ ಕೆಲವರ ಕೈ ಹಿಂದಕ್ಕೆ ಹೋಗುತ್ತದೆ. ಕೊಟ್ಟಿದ್ದು ಮಾತ್ರ ಇದ್ದು, ತೆಗೆದುಕೊಂಡಿದ್ದು ಇಲ್ಲದಿದ್ದರೆ ಅದು ದಾನವಾದೀತೇ ಹೊರತು ನೆಂಟಸ್ತಿಕೆ ಆಗದು.

ನಮ್ಮ ಹಿರಿಯರು ಇದಕ್ಕೆ ಮುಯ್ಯಿ ಎಂಬ ಒಳ್ಳೆಯ ಮಾತು ಇಟ್ಟಿದ್ದಾರೆ. ಮದುವೆಗೆ ಬಂದ ಮುಯ್ಯಿ ಬರೆದಿಟ್ಟು ಅವರ ಮನೆಯ ಕಾರ್ಯಕ್ಕೆ ತಿರುಗಿಸುತ್ತಿದ್ದರು. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಹೋಗಿ ಬರುತ್ತಿದ್ದರು. ಪಾತ್ರೆ ಬರಿದಾಗಿ ವಾಪಸು ಕೊಡಬಾರದು, ನಾಲ್ಕು ಕಾಳಾದರೂ ಹಾಕಬೇಕು ಎನ್ನುವುದೂ ಇದೇ ಲೆಕ್ಕ. 1904ರಲ್ಲಿ ಸಹಕಾರ ಕಾಯಿದೆ ಬಂದು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ರೈತರಿಗೆ ಅದು ತೀರಾ ಹೊಸದೆನಿಸಿರಲಾರದು. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಅಡಿಗೆಮನೆಯಲ್ಲಿ ಮೊದಲೇ ಇತ್ತು. ಆ ಲೆಕ್ಕ ಇಟ್ಟವರು ನಮ್ಮ ತಾಯಂದಿರು. ಷೇರು ಪುಸ್ತಕದಲ್ಲಿ ಮಾತ್ರ ಗಂಡಸರ ಹೆಸರೇ ಹೆಚ್ಚು.

ಇವತ್ತು ಬುತ್ತಿಯ ಜಾಗಕ್ಕೆ ಬೇಕರಿಯ ಸ್ವೀಟ್ ಬಾಕ್ಸ್ ಬಂದಿದೆ. ಸುಲಭವೇನೋ ಹೌದು. ಆದರೆ ಅದರಲ್ಲಿ ಯಾರ ಮನೆಯ ಕೈ ಎಂಬುದು ತಿಳಿಯುವುದಿಲ್ಲ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮದೊಂದು ಬಿನ್ನಹ. ಬೀಗರು ಬುತ್ತಿ ತಂದರೆ ಅವಮಾನ ಅನ್ನಬೇಡಿ, ಬರಿಗೈಲಿ ಬಂದರೆ ಹಂಗಿಸಬೇಡಿ. ಅವರ ಸೀಮೆಯ ಪದ್ಧತಿ ಏನೆಂದು ಒಂದು ಮಾತು ಕೇಳಿ. ಬೆಳ್ಳಿಹಬ್ಬದ ದಿನ ಸಂಘದ ಅಂಗಳದಲ್ಲಿ ಊಟವಿದೆ. ಅದರ ಜೊತೆಗೆ ಎಲ್ಲ ಕೇರಿ, ಎಲ್ಲ ಓಣಿಗಳಿಂದ ಮನೆಗೊಂದು ಬುತ್ತಿ ಬರಲಿ. ಯಾವ ಗಂಟು ಯಾರದೆಂದು ಕೇಳದೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣೋಣ. ಇಪ್ಪತ್ತೈದು ವರ್ಷ ಸಂಘ ನಡೆಸಿದ್ದಕ್ಕೆ ಅದಕ್ಕಿಂತ ದೊಡ್ಡ ಡಿವಿಡೆಂಡ್ ಬೇರೆ ಬೇಕಿಲ್ಲ.