ಅಜ್ಜಿಯ ಕಾರ್ಡ್ ಯಾಕೆ ಬಿತ್ತು? - ದಪ್ಪ ಕಾಗದದ ಒಂದು ಸಣ್ಣ ಇತಿಹಾಸ

ಹೋದ ತಿಂಗಳು ಅಜ್ಜಿಗೆ ಎಂಬತ್ತು ತುಂಬಿತು. ವಾಟ್ಸಾಪಿನಲ್ಲಿ ಒಂದು ಹೂವಿನ ಚಿತ್ರ ಕಳಿಸಿ ಕೈ ತೊಳೆದುಕೊಳ್ಳುವುದು ಬೇಡ, ಕೈಯಾರೆ ಒಂದು ಗ್ರೀಟಿಂಗ್ ಕಾರ್ಡ್ ಮಾಡೋಣ ಅಂತ ಹೊರಟೆ. ಸ್ಟೇಷನರಿ ಅಂಗಡಿಯಲ್ಲಿ "ಇರೋದ್ರಲ್ಲೇ ದಪ್ಪದ್ದು ಕೊಡಿ" ಅಂದೆ. 300 ಜಿಎಸ್‌ಎಂ ಹಾಳೆ ಕೊಟ್ಟರು. ಕತ್ತರಿಸಿ, ಮಡಚಿ, ಮುಂದೆ ಮಾವಿನ ತೋರಣದ ಚಿತ್ರ ಬರೆದು, ಶನಿವಾರ ಬಸ್ಸು ಹತ್ತಿ ಊರಿಗೆ ಹೋಗಿ ಟಿವಿ ಪಕ್ಕ ನಿಲ್ಲಿಸಿದೆ. ಮಡಿಕೆಯ ಮೇಲೆ ಆಗಲೇ ಸಣ್ಣಗೆ ಬಿರುಕು ಬಿಟ್ಟಿತ್ತು. ರಾತ್ರಿ ಊಟದ ಹೊತ್ತಿಗೆ ಮೇಲಿನ ತುದಿ ಬಾಗಿ, ಕಾರ್ಡ್ ಮಕಾಡೆ ಮಲಗಿತ್ತು.

ಅಜ್ಜಿ ಏನೂ ಅನ್ನಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಇನ್ನೊಂದು ಕಾರ್ಡ್ ತಂದು ಅದರ ಪಕ್ಕ ಇಟ್ಟರು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಹೊಸ ವರ್ಷಕ್ಕೆ ಮಾಡಿಕೊಟ್ಟದ್ದು! ಯಾರದೋ ಮದುವೆಯ ಎರಡು ಆಮಂತ್ರಣ ಪತ್ರಿಕೆಗಳನ್ನು ಬಿಡಿಸಿ, ಅಚ್ಚಾದ ಮುಖಗಳು ಒಳಗೆ ಹೋಗುವಂತೆ ಮೈದಾ ಗೋಂದಿನಲ್ಲಿ ಅಂಟಿಸಿ ಮಡಚಿದ ಕಾರ್ಡ್. ಹಳದಿ ತಿರುಗಿದೆ, ಅಂಚು ಸವೆದಿದೆ. ಆದರೂ ಸೈನಿಕನ ಹಾಗೆ ನೆಟ್ಟಗೆ ನಿಂತಿತು.

ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಪುಕ್ಕಟೆ ಕಾಗದ ನಿಂತಿದೆ, ದುಡ್ಡು ಕೊಟ್ಟು ತಂದದ್ದು ಬಿದ್ದಿದೆ. ನನ್ನ ಕೆಲಸವೇ ಬಗ್ ಹುಡುಕುವುದು ತಾನೇ, ಇದರ ಬಗ್ ಎಲ್ಲಿದೆ ನೋಡೇ ಬಿಡೋಣ ಅಂತ ಕೂತೆ. ಹುಡುಕುತ್ತಾ ಹೋದರೆ ಎರಡು ಶತಮಾನ ಹಿಂದಕ್ಕೆ ಹೋಗಬೇಕಾಯಿತು.

ಮೊದಲು ಅಂಟಿನ ವಿಷಯ. ದಪ್ಪ ಕಾಗದವನ್ನು ಒಂದೇ ಹಾಳೆಯಾಗಿ ತೆಗೆಯುವುದಕ್ಕಿಂತ ತೆಳು ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತುವುದು ಸುಲಭ. ಯೂರೋಪಿನಲ್ಲಿ ಇಸ್ಪೀಟ್ ಎಲೆಗಳನ್ನು ಹೀಗೇ ಮಾಡುತ್ತಿದ್ದರು. ನಮ್ಮ ಕಡೆ ಗಂಜೀಫಾ ನೆನಪಿಸಿಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಈ ಎಲೆಗಳ ಹೊಸ ಹೊಸ ಆಟಗಳನ್ನೇ ಕಟ್ಟಿ ಶ್ರೀತತ್ತ್ವನಿಧಿಯಲ್ಲಿ ದಾಖಲಿಸಿದರು. ಒಡಿಶಾದ ಗಂಜಪ್ಪಾ ಎಲೆಗಳಲ್ಲಿ ಬಟ್ಟೆಯ ಪದರಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಚಿತ್ರಗಾರರ ಕೈಗೆ ಬಂದ ಬ್ರಿಸ್ಟಲ್ ಬೋರ್ಡ್ ಕೂಡ ಇದೇ ಜಾತಿ. ಇವತ್ತಿಗೂ ಅದನ್ನು ಎರಡು ಪದರ, ಮೂರು ಪದರ ಅಂತಲೇ ಮಾರುತ್ತಾರೆ.

ಅಂಟಿಸಿದರೆ ಏನು ಲಾಭ? ಇಂಜಿನಿಯರಿಂಗ್ ಓದುವಾಗ ಬಾಯಿಪಾಠ ಮಾಡಿದ್ದ ಸೂತ್ರವೊಂದು ಕೊನೆಗೂ ಉಪಯೋಗಕ್ಕೆ ಬಂತು ನೋಡಿ. ಹಾಳೆಯೊಂದು ಬಾಗದೆ ನಿಲ್ಲುವ ಬಿಗಿ ಅದರ ದಪ್ಪದ ಘನದಷ್ಟು ಏರುತ್ತದೆ. ಎರಡು ಹಾಳೆಗಳನ್ನು ಸುಮ್ಮನೆ ಜೋಡಿಸಿ ಹಿಡಿದರೆ ಬಿಗಿ ಎರಡು ಪಟ್ಟು. ಅದೇ ಎರಡನ್ನು ಜಾರದಂತೆ ಅಂಟಿಸಿದರೆ ದಪ್ಪ ಎರಡು ಪಟ್ಟಾಗಿ, ಬಿಗಿ ಎಂಟು ಪಟ್ಟು! ನನ್ನ ಮೂರನೇ ಕ್ಲಾಸಿನ ಮೈದಾ ಗೋಂದು ಮಾಡಿದ್ದು ಇದನ್ನೇ.

ಇನ್ನು ಗ್ರೀಟಿಂಗ್ ಕಾರ್ಡ್ ಹುಟ್ಟಿದ್ದು ನೋಡೋಣ. ಬ್ರಿಟನ್ನಿನಲ್ಲಿ 1840ಕ್ಕೆ ಮುಂಚೆ ಅಂಚೆ ದರವನ್ನು ದೂರ ಮತ್ತು ಹಾಳೆಗಳ ಎಣಿಕೆ ನೋಡಿ ಹಾಕುತ್ತಿದ್ದರು. ಕವರೂ ಒಂದು ಹಾಳೆಯ ಲೆಕ್ಕ. ಹೆಚ್ಚಿನ ಸಲ ದುಡ್ಡು ಕೊಡಬೇಕಾದವರು ಪತ್ರ ಪಡೆದವರು. ಇಂಥ ಕಾಲದಲ್ಲಿ ಶುಭಾಶಯ ಬರೆದ ರಟ್ಟನ್ನು ಕವರಿನಲ್ಲಿ ಹಾಕಿ ಕಳಿಸಿದರೆ, ಪಡೆದವರು ಹರಸುತ್ತಾರೋ ಶಪಿಸುತ್ತಾರೋ ನೀವೇ ಹೇಳಿ. ರೋಲೆಂಡ್ ಹಿಲ್ ಹೋರಾಡಿ ತಂದ ಪೆನ್ನಿ ಪೋಸ್ಟ್ 1840ರ ಜನವರಿ 10ರಂದು ಜಾರಿಗೆ ಬಂತು. ಅರ್ಧ ಔನ್ಸ್, ಅಂದರೆ ಸುಮಾರು 14 ಗ್ರಾಂ ತೂಗುವ ಪತ್ರ ದೇಶದ ಯಾವ ಮೂಲೆಗಾದರೂ ಒಂದು ಪೆನ್ನಿಗೆ. ಎಣಿಕೆ ಹೋಗಿ ತೂಕ ಬಂದ ಮೇಲೆ ಕವರಿನೊಳಗೆ ದಪ್ಪ ಕಾರ್ಡ್ ಇಡಲು ಯಾವ ಅಡ್ಡಿಯೂ ಉಳಿಯಲಿಲ್ಲ.

ಆ ಸುಧಾರಣೆಯಲ್ಲಿ ಹಿಲ್ ಜೊತೆ ದುಡಿದ ಒಬ್ಬರು ಹೆನ್ರಿ ಕೋಲ್. ಮುಂದೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂನ ಮೊದಲ ನಿರ್ದೇಶಕರಾದವರು. ಅಂಚೆ ಅಗ್ಗವಾಗಿದ್ದೇ ತಡ, ಹಬ್ಬಕ್ಕೆ ಬರುವ ಪತ್ರಗಳ ರಾಶಿಗೆ ಉತ್ತರ ಬರೆಯಲು ಕೋಲ್ ಅವರಿಗೆ ಪುರುಸೊತ್ತಿಲ್ಲದಂತಾಯಿತು. 1843ರಲ್ಲಿ ಚಿತ್ರಗಾರ ಜಾನ್ ಕಾಲ್ಕಟ್ ಹಾರ್ಸ್ಲಿ ಕೈಯಲ್ಲಿ ಒಂದು ಚಿತ್ರ ಬರೆಸಿ, ಗಟ್ಟಿ ರಟ್ಟಿನ ಮೇಲೆ ಸುಮಾರು ಸಾವಿರ ಪ್ರತಿ ಅಚ್ಚು ಹಾಕಿಸಿ, ಕೈಯಲ್ಲಿ ಬಣ್ಣ ತುಂಬಿಸಿದರು. ತಮಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದು ಒಂದಕ್ಕೆ ಒಂದು ಶಿಲಿಂಗ್‌ನಂತೆ ಮಾರಾಟಕ್ಕೆ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡ್ ಅಂತ ಕರೆಯುವುದು ಇದನ್ನೇ. ಮನೆಯವರೆಲ್ಲ ವೈನ್ ಕುಡಿಯುವ ಚಿತ್ರದಲ್ಲಿ ಮಗುವಿನ ಬಾಯಿಗೂ ಲೋಟ ಹಿಡಿದಿದ್ದರು ಅಂತ ಆಗಲೇ ಗಲಾಟೆಯೂ ಆಯಿತು!

ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆ ಕಾರ್ಡಿಗೆ ಮಡಿಕೆಯೇ ಇಲ್ಲ. ಸುಮಾರು 13 ಸೆಂಟಿಮೀಟರ್ ಉದ್ದ, 8 ಸೆಂಟಿಮೀಟರ್ ಅಗಲದ ಒಂಟಿ ರಟ್ಟು. ಈಗಿನ 300 ಜಿಎಸ್‌ಎಂ ಹಾಳೆಯಲ್ಲಿ ಆ ಅಳತೆಗೆ ಕತ್ತರಿಸಿದರೆ 3 ಗ್ರಾಂ ಚಿಲ್ಲರೆ, ಅಷ್ಟೇ. ಕೋಲ್ ಅದರಲ್ಲೊಂದನ್ನು ತಮ್ಮ ಅಜ್ಜಿಗೆ ಕಳಿಸಿದ್ದರು. ಅದು 2001ರ ನವೆಂಬರಿನಲ್ಲಿ ಹರಾಜಿಗೆ ಬಂದು 22,500 ಪೌಂಡಿಗೆ ಹೋಯಿತು. ಅಜ್ಜಿಗೆ ಕಳಿಸಿದ ಕಾರ್ಡ್ 158 ವರ್ಷ ಬಾಳಿತು. ನನ್ನದು ಒಂದು ಸಂಜೆ ನಿಲ್ಲಲಿಲ್ಲ.

ಹಾಗಾದರೆ ನನ್ನ 300 ಜಿಎಸ್‌ಎಂ ಯಾಕೆ ಸೋತಿತು? ಇದಕ್ಕೆ ಕಾರಣ ಫ್ರಾನ್ಸಿನಲ್ಲಿದೆ. ಕಾಗದವನ್ನು ಕೈಯಲ್ಲಿ ಮಾಡುವಾಗ ಜರಡಿಯಂಥ ಚೌಕಟ್ಟನ್ನು ತಿಳಿಯಲ್ಲಿ ಅದ್ದಿ ಎತ್ತಿ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾರೆ. ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಳ್ಳುತ್ತವೆ. 1799ರಲ್ಲಿ ನಿಕೊಲಾ ಲೂಯಿ ರೊಬೇರ್ ಎಂಬ ಫ್ರೆಂಚ್ ಕೆಲಸಗಾರ ಕಾಗದವನ್ನು ಸುರುಳಿಯಾಗಿ ತೆಗೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಮುಂದೆ ಇಂಗ್ಲೆಂಡಿನಲ್ಲಿ ಫೋರ್ಡ್ರಿನಿಯರ್ ಸಹೋದರರು ದುಡ್ಡು ಹಾಕಿ, ಬ್ರಯಾನ್ ಡಾಂಕಿನ್ ಅದನ್ನು ತಿದ್ದಿ ನಿಲ್ಲಿಸಿದರು. ಈ ಯಂತ್ರದಲ್ಲಿ ತಿಳಿ ಓಡುವ ಜಾಲರಿಯ ಮೇಲೆ ಬೀಳುತ್ತದೆ. ಹೊಳೆಯಲ್ಲಿ ಹುಲ್ಲುಕಡ್ಡಿಗಳು ಹರಿವಿನ ಕಡೆಗೆ ತಿರುಗುವ ಹಾಗೆ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಇದಕ್ಕೆ ಗ್ರೈನ್ ಅನ್ನುತ್ತಾರೆ. ಬಿದಿರನ್ನು ಉದ್ದಕ್ಕೆ ಸೀಳುವುದಕ್ಕೂ ಅಡ್ಡಕ್ಕೆ ಮುರಿಯುವುದಕ್ಕೂ ಇರುವ ವ್ಯತ್ಯಾಸ ಗೊತ್ತಲ್ಲ, ಹಾಗೆ. ಯಂತ್ರದ ಕಾಗದ ಗ್ರೈನ್ ಉದ್ದಕ್ಕೆ ಇರುವಷ್ಟು ಬಿಗಿ ಅಡ್ಡಕ್ಕೆ ಇರುವುದಿಲ್ಲ, ಸುಮಾರು ಅರ್ಧ ಅಂತ ಇಟ್ಟುಕೊಳ್ಳಿ.

ಈಗ ನನ್ನ ಕಾರ್ಡ್ ನೋಡಿ. ಮಡಿಕೆ ಮೇಲಿಂದ ಕೆಳಕ್ಕೆ. ಗ್ರೈನ್ ಮಾತ್ರ ಎಡದಿಂದ ಬಲಕ್ಕೆ. ಹಾಗಾಗಿ ಮಡಚಿದಾಗ ನಾರುಗಳೇ ಮುರಿದು ಬಿರುಕು ಬಿಟ್ಟಿತು. ನಿಲ್ಲಬೇಕಾದ ದಿಕ್ಕಿನಲ್ಲಿ ಬಿಗಿ ಕಡಿಮೆಯಾಗಿ ತುದಿ ಬಾಗಿತು. ಎರಡು ತೊಂದರೆ, ಕಾರಣ ಒಂದೇ. ಹಾಳೆಯನ್ನು ತೊಂಬತ್ತು ಡಿಗ್ರಿ ತಿರುಗಿಸಿ ಕತ್ತರಿಸಿದ್ದರೆ ಎರಡೂ ಇರುತ್ತಿರಲಿಲ್ಲ. ಕೋಲ್ ಅವರ ಒಂಟಿ ರಟ್ಟಿಗೆ ಈ ತಲೆನೋವೇ ಇಲ್ಲ, ಮಡಚಿದರೆ ತಾನೇ!

ಆದರೆ ಅಜ್ಜಿಯ ಟ್ರಂಕಿನ ಕಾರ್ಡ್ ಎಲ್ಲದರಲ್ಲೂ ಗೆದ್ದಿಲ್ಲ. ಅದು ಹಳದಿಯಾಗಿದೆ ಅಂದೆನಲ್ಲ? ಮೊರಿಟ್ಜ್ ಇಲಿಗ್ ಎಂಬ ಜರ್ಮನ್ 1807ರಲ್ಲಿ ಶಾಯಿ ಹರಡದಂತೆ ತಡೆಯಲು ರಾಳ ಮತ್ತು ಪಟಿಕ ಬೆರೆಸುವ ವಿಧಾನವನ್ನು ಪ್ರಕಟಿಸಿದ. ಅಗ್ಗದ ಉಪಾಯ, ಎಲ್ಲೆಡೆ ಹಬ್ಬಿತು. ಪಟಿಕದಿಂದ ಕಾಗದದಲ್ಲಿ ಆಮ್ಲ ಉಳಿಯುತ್ತದೆ, ವರ್ಷಗಟ್ಟಲೆ ನಾರನ್ನು ಒಳಗಿಂದಲೇ ತಿನ್ನುತ್ತದೆ. ಚಿಂದಿ ಬಟ್ಟೆಯ ಬದಲು ಅರೆದ ಮರದ ತಿಳಿ ಬಂದ ಮೇಲೆ, ಮರದ ಲಿಗ್ನಿನ್ ಸೇರಿ ಹಳದಿ ಬಣ್ಣವೂ ಬಂತು. ಎಷ್ಟೇ ದಪ್ಪವಾಗಿದ್ದರೂ ಆಮ್ಲವಿರುವ ರಟ್ಟು ಒಂದು ದಿನ ಮಡಿಕೆಯಲ್ಲಿ ಪುಡಿಯಾಗುತ್ತದೆ.

ಸರಿ, ಅಂಗಡಿಗೆ ಹೋದರೆ ಏನು ನೋಡಬೇಕು? ನಾನು ಕಲಿತದ್ದು ಇಷ್ಟು:

1. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ಗ್ರಾಂನಲ್ಲಿ. ದಪ್ಪ ಅಲ್ಲ. ಮಡಚುವ ಕಾರ್ಡಿಗೆ 220ರಿಂದ 300 ಸಾಕು.

2. ಅಮೆರಿಕದಲ್ಲಿರುವವರು ಪೌಂಡ್ ಲೆಕ್ಕ ನಂಬಿ ಮೋಸಹೋಗಬೇಡಿ. ಅಲ್ಲಿ ಒಂದೊಂದು ಜಾತಿಯ ಕಾಗದವನ್ನು ಒಂದೊಂದು ಅಳತೆಯ ಹಾಳೆಯಲ್ಲಿ ತೂಗುತ್ತಾರೆ. 110 ಪೌಂಡಿನ ಇಂಡೆಕ್ಸ್ ಸುಮಾರು 199 ಜಿಎಸ್‌ಎಂ, 80 ಪೌಂಡಿನ ಕವರ್ ಸುಮಾರು 216. ಸಂಖ್ಯೆ ದೊಡ್ಡದು, ಕಾಗದ ಹಗುರ!

3. ಹಾಳೆಯನ್ನು ಮಡಚದೆ ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಬಾಗಿನ ಗೆರೆಯೇ ಗ್ರೈನ್. ಮಡಿಕೆ ಅದರ ಉದ್ದಕ್ಕೇ ಬರಲಿ.

4. ಎರಡು ತೆಳು ಹಾಳೆ ಅಂಟಿಸುವುದಾದರೆ ಎರಡರ ಗ್ರೈನ್ ಒಂದೇ ಕಡೆ ಇರಲಿ. ತೇವಕ್ಕೆ ಕಾಗದ ಗ್ರೈನಿನ ಅಡ್ಡಕ್ಕೇ ಹೆಚ್ಚು ಹಿಗ್ಗುತ್ತದೆ, ಇಲ್ಲದಿದ್ದರೆ ಹಪ್ಪಳದ ಹಾಗೆ ಸುರುಟುತ್ತದೆ.

5. ಇಪ್ಪತ್ತು ವರ್ಷ ಟ್ರಂಕಿನಲ್ಲಿ ಇರಬೇಕಾದ ಕಾರ್ಡಾದರೆ ಆಮ್ಲರಹಿತ ಅಂತ ಬರೆದದ್ದನ್ನೇ ಕೇಳಿ.

ಹೋದ ವಾರ ಮತ್ತೆ ಊರಿಗೆ ಹೋಗಿದ್ದೆ, ಹೊಸ ಕಾರ್ಡ್ ಹಿಡಿದು. ಆಮ್ಲರಹಿತ ಹಾಳೆ, ಎರಡು ಪದರ, ಗ್ರೈನ್ ಮೇಲಿಂದ ಕೆಳಕ್ಕೆ. ಗೋಂದು ಮಾತ್ರ ಮೈದಾದ್ದೇ. ಅಜ್ಜಿ ಬೆರಳಿನಿಂದ ಅದರ ತುದಿಯನ್ನು ಒಮ್ಮೆ ತಳ್ಳಿ ನೋಡಿದರು. ಬೀಳಲಿಲ್ಲ. ಸಂಜೆ ಹೊರಡುವಾಗ ನೋಡಿದರೆ ಟಿವಿ ಪಕ್ಕ ಮೂರು ಕಾರ್ಡ್ ಇದ್ದವು. ಬಾಗಿದ್ದಕ್ಕೆ ಹಿಂದೆ ಔಷಧಿ ಡಬ್ಬಿಯೊಂದನ್ನು ಒತ್ತು ಕೊಟ್ಟು ಅಜ್ಜಿ ಅದನ್ನೂ ನಿಲ್ಲಿಸಿಬಿಟ್ಟಿದ್ದರು.